ಕೊಳೆಗೆ ಮದ್ದು ಹೊಡೆಯುವಾಗ ಹಳ್ಳವನ್ನು ಉಳಿಸಿಕೊಳ್ಳುವುದು ಹೇಗೆ?

ಮಳೆಗಾಲ ಹತ್ತಿರವಾದಂತೆ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಕೆಲಸ ಶುರುವಾಗುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವೇ ಈ ಮದ್ದು. ಹೊಡೆಯಬೇಡಿ ಎಂದು ನಾನು ಹೇಳಲಾರೆ. ಜುಲೈ ಮಳೆಗೆ ಹಸಿರು ಅಡಿಕೆ ಉದುರಿ ಬಿದ್ದ ತೋಟವನ್ನು ಕಂಡವರು ಯಾರೂ ಹೇಳಲಾರರು. ಆದರೆ ನಮ್ಮ ತೋಟಗಳು ಹೆಚ್ಚಾಗಿ ಕಣಿವೆಯ ತಳದಲ್ಲಿವೆ. ಬಸಿಗಾಲುವೆಯ ನೀರು ಹಳ್ಳಕ್ಕೆ, ಅಲ್ಲಿಂದ ಅಘನಾಶಿನಿಗೆ, ಕೊನೆಗೆ ಕುಮಟಾದ ಅಳಿವೆಗೆ ಸೇರುತ್ತದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ಕುಟುಂಬಗಳಿವೆ.

ಮೈಲುತುತ್ತದಲ್ಲಿ ಸುಮಾರು ಕಾಲುಭಾಗ ತಾಮ್ರ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ತಾಮ್ರಕ್ಕಿರುವ ಅಪೇಕ್ಷಿತ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಲೆಕ್ಕ ಹಾಕಿದರೆ ಒಂದು ಕಿಲೋ ತುತ್ತ 50 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ತಾಮ್ರ ಕೊಳೆತು ಹೋಗುವ ವಸ್ತುವೂ ಅಲ್ಲ. ವರ್ಷ ವರ್ಷ ಮಣ್ಣಿನಲ್ಲಿ ಕೂಡುತ್ತಾ ಹೋಗಿ ಎರೆಹುಳುವಿಗೆ ಕಂಟಕವಾಗುತ್ತದೆ. ಮೀನು, ಬಸವನಹುಳು, ಕಪ್ಪೆಯ ಮರಿಗಳಿಗೆ ನೀರಿನಲ್ಲಿ ಕರಗಿದ ತಾಮ್ರ ನೇರ ವಿಷ. ಗಡಸುತನವಿಲ್ಲದ ನೀರಿನಲ್ಲಿ ಈ ವಿಷ ಇನ್ನೂ ಜೋರು. ನಮ್ಮ ಮಲೆನಾಡಿನ ಹಳ್ಳದ ನೀರು ಅಂಥದ್ದೇ.

ಮೊದಲು ಮರ ಎಣಿಸಿ. ಕಳೆದ ವರ್ಷ ಎಷ್ಟು ಬ್ಯಾರೆಲ್ ಹಿಡಿಯಿತೆಂದು ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರನ್ನು ಕೇಳಿ, ಆ ದಿನ ಮುಗಿಯುವಷ್ಟನ್ನೇ ಕೂಡಿಸಿ. ಮಾರನೆಯ ದಿನಕ್ಕೆ ಇಟ್ಟ ದ್ರಾವಣ ಹೇಗೂ ಶಕ್ತಿ ಕಳೆದುಕೊಳ್ಳುತ್ತದೆ.

ಕೂಡಿಸುವ ಜಾಗ ಬಾವಿ, ಕೆರೆ, ಕಾಲುವೆಗಳಿಂದ ದೂರವಿರಲಿ. ನೀರು ಹೊರುವುದು ತಪ್ಪುತ್ತದೆಂದು ಹಳ್ಳದ ದಡದಲ್ಲೇ ಬ್ಯಾರೆಲ್ ಇಡುವ ರೂಢಿಯನ್ನು ದಯವಿಟ್ಟು ಬಿಡಿ.

ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಿ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣದ್ದು ಬೇಡ. ಸುಣ್ಣದ ನೀರನ್ನು ಸೋಸಿ, ಅದನ್ನು ಕದಡುತ್ತಾ ತುತ್ತದ ನೀರನ್ನು ನಿಧಾನವಾಗಿ ಸುರಿಯಿರಿ.

ಇನ್ನು ಪರೀಕ್ಷೆ. ಅವಸರದಲ್ಲಿ ಹೆಚ್ಚಿನವರು ಬಿಡುವ ಹಂತ ಇದೇ. ಹೊಳೆಯುವಂತೆ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿಡಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣದೊಂದಿಗೆ ಸೇರದ ತಾಮ್ರ ಉಳಿದಿದೆ ಎಂದರ್ಥ. ಎಳೆ ಕಾಯಿಯನ್ನು ಸುಡುವುದೂ ಮೀನನ್ನು ಬೇಗ ಕೊಲ್ಲುವುದೂ ಈ ಕರಗಿದ ತಾಮ್ರವೇ. ಲೇಪ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವಾಗಿ ಸುಣ್ಣದ ತಿಳಿ ಸೇರಿಸಿ. ತೆರೆದಿಟ್ಟ ಹಳೆಯ ಸುಣ್ಣ ಬಳಸಿದರೆ ಕತ್ತಿ ಕೆಂಪಾಗುವುದು ಹೆಚ್ಚು.

ಮರದ ಮೇಲಿರುವವರ ಮೈಮೇಲೆ ಮದ್ದು ಮಳೆಯಂತೆ ಸುರಿಯುತ್ತದೆ. ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ಇದೇ ದ್ರಾವಣ ಸಿಂಪಡಿಸುತ್ತಿದ್ದ ಕಾರ್ಮಿಕರ ಶ್ವಾಸಕೋಶ ಕೆಟ್ಟದ್ದನ್ನು ವೈದ್ಯರು 1969ರಲ್ಲೇ ದಾಖಲಿಸಿದ್ದಾರೆ. ಮುಖಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಕೊಡಿಸುವುದು ತೋಟದ ಒಡೆಯರ ಹೊಣೆ. ಕವಳ (ಎಲೆ ಅಡಿಕೆ) ಹಾಕುವ ಮುನ್ನ ಸೋಪು ಹಚ್ಚಿ ಕೈ ತೊಳೆಯಲು ಬೇರೆ ನೀರು ಇಟ್ಟಿರಿ. ಗಾಳಿ ಜೋರಿದ್ದರೆ ಅಥವಾ ಮೋಡ ಕವಿದಿದ್ದರೆ ಕೆಲಸ ಮುಂದೂಡಿ. ಒಣಗುವ ಮುನ್ನ ಮಳೆ ಬಂದರೆ ಮದ್ದು ಅಡಿಕೆ ಗೊನೆಯಲ್ಲಿ ನಿಲ್ಲದೆ ಕಾಲುವೆ ಸೇರುತ್ತದೆ.

ಸಂಜೆ ಎಲ್ಲರೂ ದಣಿದಿರುತ್ತಾರೆ, ಹಳ್ಳದಲ್ಲಿ ಬ್ಯಾರೆಲ್ ಜಾಲಾಡಿಸುವುದು ಸುಲಭ. ಹಳ್ಳಕ್ಕೆ ಒಮ್ಮೆಗೇ ದೊಡ್ಡ ಪೆಟ್ಟು ಬೀಳುವುದೂ ಆಗಲೇ. ಉಳಿದ ದ್ರಾವಣವನ್ನು ಕೊನೆಯ ಸಾಲಿನ ಮರಗಳಿಗೇ ಹೊಡೆದು ಮುಗಿಸಿ. ಪಂಪು, ಪೈಪು, ಬ್ಯಾರೆಲ್ಲನ್ನು ಕಡಿಮೆ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಆ ನೀರನ್ನೂ ತೋಟದೊಳಗೇ, ಕಾಲುವೆಯಿಂದ ದೂರದ ಮರಗಳ ಮೇಲೆ ಸಿಂಪಡಿಸಿ. ಹಗಲು ಒಂದು ಬ್ಯಾರೆಲ್ ಮುಗಿದಾಗ ತಳದಲ್ಲಿ ಉಳಿದ ನೀಲಿ ಗಸಿಯನ್ನು ಅದೇ ದಿನದ ಮುಂದಿನ ಬ್ಯಾರೆಲ್ಲಿಗೆ ಕದಡಿ ಬಳಸಬಹುದು. ಬಟ್ಟೆಯನ್ನು ಹೊಳೆಗೆ ಒಯ್ಯದೆ ಮನೆಯಲ್ಲೇ ಪ್ರತ್ಯೇಕವಾಗಿ ಒಗೆಯಿರಿ. ತುತ್ತದ ಖಾಲಿ ಚೀಲದಲ್ಲಿ ಅಕ್ಕಿ, ಹಿಂಡಿ ತುಂಬಬೇಡಿ.

ಮುಂದಿನ ಸಲ ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರದ ಅಂಶವನ್ನೂ ನೋಡಲು ಹೇಳಿ. ಅದು ಹೆಚ್ಚಿದ್ದರೆ ಒಂದಿಷ್ಟು ಮರಗಳಿಗಾದರೂ ಮದ್ದಿನ ಬದಲು ಕೊಟ್ಟೆ (ಗೊನೆಗೆ ಮಳೆ ತಾಗದಂತೆ ಹೊದಿಸುವ ಹೊದಿಕೆ) ಕಟ್ಟಿಸಿ ನೋಡಿ, ವಿಶೇಷವಾಗಿ ಹಳ್ಳಕ್ಕೆ ತಾಗಿದ ಸಾಲುಗಳಲ್ಲಿ.