ರಾತ್ರಿಯೇ ಅರ್ಧ ಬರೆದಿಟ್ಟ ಲೆಕ್ಕ

ರಾತ್ರಿ ಗಣಿತದ ಲೆಕ್ಕ ಅರ್ಧಕ್ಕೆ ಬಿಟ್ಟು ಮಲಗಿದರೆ ಓದು ಮುಂದೂಡುವ ಚಟ ಹೋಗುತ್ತಾ ಅಂತ ಮನೆಯವರೂ ಕೇಳಿದರು, ಗೆಳೆಯರೂ ಕೇಳಿದರು. ಹೋಯಿತು. ಸೆಕೆಂಡ್ ಪಿಯುಸಿ ಮುಗಿಸಿ ಮೈಸೂರಿನ ಕಾಲೇಜು ಶುರುವಾಗುವ ತನಕ ಮಂಡ್ಯದ ಮನೆಯಲ್ಲಿ ಸುಮಾರು 70 ದಿನ ಸಿಕ್ಕಿತ್ತು. ಅದರಲ್ಲಿ ಕೊನೆಯ 40 ದಿನಗಳಲ್ಲಿ ಓದಲು ಕೂರುವುದು ತಪ್ಪಿದ್ದು ನಾಲ್ಕೋ ಐದೋ ದಿನ ಮಾತ್ರ.

ಮೊದಲ 30 ದಿನ ಬೇರೆ ಉಪಾಯಗಳಿಗೆ ದುಡ್ಡು ಹೋಯಿತು. ಪ್ಲ್ಯಾನರ್ ಡೈರಿಗೆ 400 ರೂಪಾಯಿ ಆಸುಪಾಸು, ಒಂಬತ್ತು ಪುಟ ತುಂಬಿತು. ಫೋನಿಗೆ ಬೀಗ ಹಾಕುವ ಆ್ಯಪ್‌ಗೆ 150. ಬೀಗ ಹಾಕಿದ ಕೈಯೇ ತೆಗೆಯಬಲ್ಲದು, ಮೂರನೇ ದಿನಕ್ಕೆ ಅನ್‌ಇನ್‌ಸ್ಟಾಲ್. ರೀಡಿಂಗ್ ರೂಮಿಗೆ 700 ಕಟ್ಟಿದೆ. ಅಲ್ಲಿಗೆ ಹೊರಡುವುದೇ ಮುಂದೂಡುವ ಇನ್ನೊಂದು ಕೆಲಸವಾಯಿತು. ಗೆಳೆಯನ ಜೊತೆ ದಿನಕ್ಕೆ 20 ರೂಪಾಯಿ ದಂಡದ ಒಪ್ಪಂದ ಎಲ್ಲಕ್ಕಿಂತ ಕೆಟ್ಟದ್ದು. ದಂಡ ಕೊಟ್ಟ ಕೂಡಲೇ ತಪ್ಪಿಗೆ ಲೆಕ್ಕ ಚುಕ್ತಾ ಆದಂತೆ ಮನಸ್ಸು ನಿರಾಳವಾಗುತ್ತದೆ, ಮಾರನೇ ದಿನ ತಪ್ಪಿಸುವುದು ಇನ್ನೂ ಸುಲಭ. ಅದರಲ್ಲೇ 300 ಹೋಯಿತು.

ಇವೆಲ್ಲ ಕೂತ ಮೇಲೆ ಉಪಯೋಗಕ್ಕೆ ಬರುವಂಥವು. ತೊಡಕಿರುವುದು ಕೂರುವ ಮೊದಲು. ಬೆಳಿಗ್ಗೆ ಎದ್ದು 'ಯಾವುದರಿಂದ ಶುರು ಮಾಡಲಿ' ಎಂದು ಯೋಚಿಸುವ ಎರಡು ನಿಮಿಷದಲ್ಲಿ ಕೈ ಫೋನಿಗೆ ಹೋಗುತ್ತದೆ. ಆ ಯೋಚನೆಯನ್ನು ಹಿಂದಿನ ರಾತ್ರಿಗೆ ಸಾಗಿಸಿದ್ದಷ್ಟೇ ನಾನು ಮಾಡಿದ್ದು.

ರಾತ್ರಿ ಒಂಬತ್ತೂವರೆಗೆ ಐದಾರು ನಿಮಿಷ ಸಾಕು. 200 ಪುಟದ ಲಾಂಗ್ ನೋಟ್‌ಬುಕ್‌ನಲ್ಲಿ ನಾಳೆಯ ಮೊದಲ ಲೆಕ್ಕ ಬರೆದು, ಉತ್ತರದ ಮೊದಲ ಸಾಲನ್ನೂ ಬರೆದು, ಎರಡನೇ ಸಾಲಿನಲ್ಲಿ ಬರೀ ಸಮ ಚಿಹ್ನೆ ಹಾಕಿ ನಿಲ್ಲಿಸಬೇಕು. ಬೈ ಪಾರ್ಟ್ಸ್ ಇಂಟಿಗ್ರೇಶನ್ (ಎರಡು ಫಂಕ್ಷನ್‌ಗಳ ಗುಣಲಬ್ಧವನ್ನು ಇಂಟಿಗ್ರೇಟ್ ಮಾಡುವ ವಿಧಾನ) ಆದರೆ ಎರಡರಲ್ಲಿ ಯಾವುದನ್ನು ಡಿಫರೆನ್ಷಿಯೇಟ್ ಮಾಡುವುದು, ಯಾವುದನ್ನು ಇಂಟಿಗ್ರೇಟ್ ಮಾಡುವುದು ಅಂತ ಆರಿಸಿ ಬಿಡಿ. ಸೂತ್ರಕ್ಕೆ ಹಾಕುವುದು ಬೆಳಿಗ್ಗೆಗೆ. ನೋಟ್‌ಬುಕ್ ತೆರೆದೇ ಇರಲಿ, ಪೆನ್ನು ಅದರ ಮೇಲಿರಲಿ. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ. ಎಬ್ಬಿಸಲು 250ರ ಒಂದು ಅಲಾರಂ ಗಡಿಯಾರ. ಖರ್ಚಿನಲ್ಲಿ ಸಾರ್ಥಕವಾದದ್ದು ಇದೊಂದೇ.

ಬೆಳಿಗ್ಗೆ ಆರಕ್ಕೆ ಕಾಫಿ ಲೋಟ ಹಿಡಿದು ನೇರ ಮೇಜಿಗೆ. ಹಾಲ್‌ನಲ್ಲಿ ಕುಡಿದರೆ ಟಿವಿ ಹಿಡಿದುಕೊಳ್ಳುತ್ತದೆ. ಗುರಿ ಹತ್ತೇ ನಿಮಿಷ, ಆಮೇಲೆ ಎದ್ದು ಹೋಗಬಹುದು. ನಿಜವಾಗಿಯೂ ಹೋಗಬಹುದು ಅಂತ ಮನಸ್ಸು ನಂಬಬೇಕು. ನಾನು ಮೊದಲ ವಾರ ಎರಡು ಸಲ ಬೇಕೆಂದೇ ಎದ್ದು ಹೋದೆ. ಪುಟದ ಅಂಚಿನಲ್ಲಿ ಬರೆಯುವುದು ಕೂತ ಹೊತ್ತನ್ನು ಮಾತ್ರ: 6.10, 6.05, 6.20. ಎಷ್ಟು ಗಂಟೆ ಓದಿದೆ ಅಂತ ಬರೆಯಬೇಡಿ. ಒಂದು ದಿನ ನಾಲ್ಕು ಗಂಟೆ ಅಂತ ಬರೆದೆ, ಅದೇ ಅಳತೆಗೋಲಾಗಿ ಮುಂದಿನ ಎರಡು ದಿನ ಮೇಜಿನ ಹತ್ತಿರವೇ ಹೋಗಲಿಲ್ಲ.

ಕೆಡುವುದು ಎರಡು ಕಡೆ. ರಾತ್ರಿ ಉತ್ಸಾಹಕ್ಕೆ ಪೂರ್ತಿ ಬಿಡಿಸಿಬಿಟ್ಟರೆ ಬೆಳಿಗ್ಗೆಗೆ ಕೊಕ್ಕೆಯೇ ಉಳಿಯುವುದಿಲ್ಲ. ತೀರಾ ಕಷ್ಟದ್ದನ್ನು ಇಟ್ಟರೆ ಸಮ ಚಿಹ್ನೆಯ ಮುಂದೆಯೇ ಕೂತಿರಬೇಕಾಗುತ್ತದೆ. ಮೊದಲನೆಯದು ಗೊತ್ತಿರುವ ಲೆಕ್ಕ, ಎರಡನೆಯದು ಹೊಸದು ಇರಲಿ.

ಸರ್ಟಿಫಿಕೇಟ್ ಕೆಲಸಕ್ಕೂ ಇದನ್ನೇ ಹಾಕಿದೆ. 'ಜಾತಿ-ಆದಾಯ ಪತ್ರ ಮಾಡಿಸುವುದು' ಎಂದು ಬರೆದರೆ ಮೂರು ವಾರ ಕಳೆದರೂ ಆಗದು. 'ರೇಷನ್ ಕಾರ್ಡ್, ಆಧಾರ್ ಎರಡೆರಡು ಜೆರಾಕ್ಸ್' ಎಂದು ಬರೆದು, ಮೂಲ ಪ್ರತಿಗಳನ್ನು ಕವರಿಗೆ ಹಾಕಿ ಬೈಕಿನ ಕೀ ಜೊತೆ ಇಟ್ಟರೆ ಮರುದಿನ ನಾಡಕಚೇರಿಗೆ ಅರ್ಜಿ ಹೋಗುತ್ತದೆ. ಗ್ರಾಮ ಆಡಳಿತಾಧಿಕಾರಿಯ (ಹಿಂದೆ ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ವರದಿ ಆಗಬೇಕು, ಹಾಗಾಗಿ ಅಡ್ಮಿಷನ್ ವಾರಕ್ಕೆ ಉಳಿಸಬೇಡಿ.

25 ನಿಮಿಷ ಓದು, 5 ನಿಮಿಷ ಬಿಡುವಿನ ಪದ್ಧತಿಯನ್ನೂ ನೋಡಿದೆ. ಬಿಡುವಿನಲ್ಲಿ ಫೋನ್ ಮುಟ್ಟಿದರೆ ಐದು ನಿಮಿಷ ನಲವತ್ತು ನಿಮಿಷವಾಗುತ್ತದೆ, ಗಿಡಕ್ಕೆ ನೀರು ಹಾಕಿದರೆ ಐದೇ. ಮಂಡ್ಯ–ಮೈಸೂರು ರೈಲಿನಲ್ಲಿ ಸೂತ್ರದ ಚೀಟಿಗಳನ್ನು ಓದಿದೆ: ನಿಂತುಕೊಂಡೇ ಹನ್ನೆರಡು ಚೀಟಿ ಆಗುತ್ತದೆ, ಹೊಸದು ಮಾತ್ರ ತಲೆಗೆ ಹೋಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಶೀಟಿನ ಮನೆಯಲ್ಲಿ ಏನೂ ಆಗಲಿಲ್ಲ. ಆ ಹೊತ್ತಿಗೆ ಆಮೇಲೆ ಒಂದು ಉಪಾಯ ಸಿಕ್ಕಿತು. ಅದು ಒಂದು ಸೆಮಿಸ್ಟರ್ ನಿಲ್ಲಲಿ, ಆಗ ಬರೆಯುತ್ತೇನೆ.

ಈಗ ಲ್ಯಾಬ್ ರೆಕಾರ್ಡಿಗೂ ಇದೇ. ಪ್ರಯೋಗ ಮಾಡಿದ ಸಂಜೆಯೇ ಶೀರ್ಷಿಕೆ, ಉದ್ದೇಶ, ಉಪಕರಣಗಳನ್ನು ಬರೆದು, ರೀಡಿಂಗ್ ಕೋಷ್ಟಕದ ಗೆರೆ ಎಳೆದು ಮೊದಲ ಸಾಲು ತುಂಬಿ ಬಿಡುತ್ತೇನೆ. ಉಳಿದದ್ದು ಬೆಳಿಗ್ಗೆ ಆರಕ್ಕೆ.