ತೂಕ ಇಳಿಸುವವರ ಅಡುಗೆಮನೆಯಲ್ಲಿ ಎಣ್ಣೆ, ತುಪ್ಪ, ತೆಂಗಿನಕಾಯಿ

ತೂಕ ಇಳಿಸಬೇಕೆಂದು ನಿರ್ಧರಿಸಿದ ದಿನವೇ ನಮ್ಮ ಮಲೆನಾಡಿನ ಕಡೆ ಬಹಳ ಮಂದಿ ತುಪ್ಪದ ಗಿಂಡಿಯನ್ನು ದೂರ ಸರಿಸಿ, ಒಗ್ಗರಣೆಯಿಲ್ಲದ ಸಾರಿಗೂ ಬರೀ ಕಡುಬಿಗೂ ಒಗ್ಗಿಕೊಳ್ಳಲು ನೋಡುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಸಂಜೆಯ ಹಸಿವು ತಡೆಯಲಾಗದೆ ಬೇಕರಿಯ ಪಫ್ಸ್ ಕೈಗೆ ಬರುತ್ತದೆ, ಮನೆಯಲ್ಲಿ ಬಿಟ್ಟ ಜಿಡ್ಡು ಅಲ್ಲಿ ಇನ್ನೂ ಕೆಟ್ಟ ರೂಪದಲ್ಲಿ ಹೊಟ್ಟೆ ಸೇರುತ್ತದೆ. ಜಿಡ್ಡು ಜಠರದಿಂದ ಆಹಾರ ಮುಂದೆ ಸಾಗುವುದನ್ನು ನಿಧಾನಗೊಳಿಸುವುದರಿಂದ ಊಟದ ತೃಪ್ತಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎ, ಡಿ, ಇ, ಕೆ ಜೀವಸತ್ವಗಳನ್ನು ಕರುಳು ಹೀರಿಕೊಳ್ಳುವುದಕ್ಕೂ ಅದು ಬೇಕು. ಹಾಗೆಂದು ಕೈಬಿಚ್ಚಿ ಸುರಿಯುವಂತಿಲ್ಲ. ಪಿಷ್ಟವೂ ಪ್ರೋಟೀನೂ ಗ್ರಾಮಿಗೆ 4 ಕ್ಯಾಲೊರಿ ಕೊಟ್ಟರೆ ಜಿಡ್ಡು 9 ಕ್ಯಾಲೊರಿ ಕೊಡುತ್ತದೆ. ಗಾಣದ ಶೇಂಗಾ ಎಣ್ಣೆಯಾಗಲಿ, ಮನೆಯ ತುಪ್ಪವಾಗಲಿ, ದುಬಾರಿ ಆಲಿವ್ ಎಣ್ಣೆಯಾಗಲಿ, ಈ ಲೆಕ್ಕ ಬದಲಾಗುವುದಿಲ್ಲ.

ಮೊದಲ ವಾರ ಅಳೆಯಿರಿ, ಏನನ್ನೂ ಬಿಡಬೇಡಿ

ನಮ್ಮ ಮನೆಗಳಲ್ಲಿ ಉಪ್ಪಿಗೆ ಕೈಯಳತೆ, ಎಣ್ಣೆಗೆ ಕಣ್ಣಳತೆ. ಒಂದು ಬೆಳಿಗ್ಗೆ ದೋಸೆಯ ಸುತ್ತ ಬಿಡಲು ತೆಗೆದ ಎಣ್ಣೆಯನ್ನು ಕಾವಲಿಗೆ ಬಿಡುವ ಮೊದಲು ಟೀ ಚಮಚಕ್ಕೆ ಸುರಿದು ನೋಡಿದೆ. ಚಮಚ ತುಂಬಿತು, ಮತ್ತೊಂದು ಚಮಚವೂ ತುಂಬಿತು. ದೋಸೆಗೆ ಎರಡು ಚಮಚವೆಂದರೆ ನಾಲ್ಕು ದೋಸೆಗೆ ಎಂಟು, ಅಂದರೆ 40 ಮಿಲಿಲೀಟರ್, 300 ಕ್ಯಾಲೊರಿಗೂ ಹೆಚ್ಚು. ಚಟ್ನಿಯ ಒಗ್ಗರಣೆ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಳೆದ ಎಣ್ಣೆಯನ್ನು ಒಂದು ಬಾಟಲಿಗೆ ತುಂಬಿ, ಮಟ್ಟಕ್ಕೆ ಸರಿಯಾಗಿ ಕಾಗದದ ಪಟ್ಟಿ ಅಂಟಿಸಿ, ಏಳು ದಿನ ಒಗ್ಗರಣೆಯಿಂದ ಹಿಡಿದು ಕರಿಯುವವರೆಗೆ ಎಲ್ಲಕ್ಕೂ ಅದನ್ನೇ ಬಳಸಿ. ಭಾನುವಾರ ರಾತ್ರಿ ಖರ್ಚಾದದ್ದನ್ನು ಮನೆಯವರ ಸಂಖ್ಯೆಯಿಂದಲೂ ಏಳರಿಂದಲೂ ಭಾಗಿಸಿ. ನಾಲ್ವರ ಮನೆಯಲ್ಲಿ 1,400 ಮಿಲಿಲೀಟರ್ ಮುಗಿದಿದ್ದರೆ ತಲೆಗೆ ದಿನಕ್ಕೆ 50 ಮಿಲಿಲೀಟರ್ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿಯ ಊಟದ ತಟ್ಟೆಗೆ ಎಣ್ಣೆ ಮತ್ತು ತುಪ್ಪ ಸೇರಿ ಇರುವುದು 27 ಗ್ರಾಂ, ಅಂದರೆ ಸುಮಾರು ಆರು ಟೀ ಚಮಚ. ತೂಕ ಇಳಿಸುವವರು ತುಪ್ಪವೂ ಸೇರಿ ಐದು ಚಮಚಕ್ಕೆ ನಿಲ್ಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಐವತ್ತರಿಂದ ಇಪ್ಪತ್ತೈದು ಮಿಲಿಲೀಟರಿಗೆ ಇಳಿದರೆ ಅಷ್ಟರಿಂದಲೇ ದಿನಕ್ಕೆ 200 ಕ್ಯಾಲೊರಿ ಕಡಿಮೆಯಾಗುತ್ತದೆ.

ಎಣ್ಣೆ ಬೇಡದ ಅಡುಗೆಯನ್ನು ಮನೆಯಲ್ಲೇ ಹುಡುಕಿ

ಈ ವಿಷಯದಲ್ಲಿ ಮಲೆನಾಡಿನವರು ಅದೃಷ್ಟವಂತರು. ಕುದಿಯುವ ಉಪ್ಪುನೀರಿಗೆ ಅಕ್ಕಿಹಿಟ್ಟು ಹಾಕಿ ಉಕ್ಕರಿಸಿ, ಬಿಸಿ ಆರುವ ಮೊದಲೇ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಎರಡೂ ಬದಿ ಬಾಡಿಸಿ, ಕೆಂಡದ ಮೇಲೆ ಉಬ್ಬಿಸುವ ಅಕ್ಕಿರೊಟ್ಟಿಗೆ ಒಂದು ಹನಿ ಎಣ್ಣೆಯೂ ಬೇಕಿಲ್ಲ. ಕಡುಬು ಹಬೆಯಲ್ಲಿ ಬೇಯುತ್ತದೆ. ಪತ್ರೊಡೆಯೂ ಹಬೆಯಲ್ಲೇ ಬೇಯುತ್ತದೆ. ಅನಂತರ ಅದನ್ನು ಕತ್ತರಿಸಿ ಎಣ್ಣೆಯಲ್ಲಿ ಹುರಿಯುವ ಹೆಚ್ಚಿನ ಕೆಲಸವನ್ನು ಬಿಟ್ಟರಾಯಿತು. ಮಳೆಗಾಲದ ಸಂಜೆ ಹಲಸಿನ ಹಪ್ಪಳ ಬೇಕೆನಿಸಿದರೆ ಬಾಣಲೆ ಇಡದೆ ಕೆಂಡದಲ್ಲಿ ಸುಟ್ಟು, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ಒಂದೆರಡು ಕಾಯಿಚೂರಿನೊಡನೆ ತಿನ್ನಬಹುದು.

ಉಳಿಸಿದ ಎಣ್ಣೆಯನ್ನು ಸಲ್ಲುವ ಕಡೆ ಬಳಸಿ

ರೊಟ್ಟಿಯಲ್ಲಿ ಉಳಿದ ಒಂದು ಚಮಚ ಎಣ್ಣೆಯು ಸೊಪ್ಪು, ತರಕಾರಿಗೆ ಹೋಗಲಿ. ಒಂದೆಲಗದ ತಂಬುಳಿಗೆ ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ ಸಿಡಿಸಿ ಹಾಕುವ ಹಿರಿಯರ ಪದ್ಧತಿ ರುಚಿಗಷ್ಟೇ ಅಲ್ಲದೆ ದೇಹಕ್ಕೂ ಸಲ್ಲುವಂಥದ್ದು, ಏಕೆಂದರೆ ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟೀನ್ ಜಿಡ್ಡಿನ ಜೊತೆಯಲ್ಲಿ ಚೆನ್ನಾಗಿ ಹೀರಿಕೆಯಾಗುತ್ತದೆ.

ತೆಂಗಿನಕಾಯಿಯ ಮಾತನ್ನು ನಮ್ಮವರ ಮುಂದೆ ಆಡುವುದು ಕಷ್ಟ, ಆದರೂ ಆಡಲೇಬೇಕು. ನೂರು ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 33 ಗ್ರಾಂ ಜಿಡ್ಡಿದ್ದು, ಅದರಲ್ಲಿ 30 ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ರಕ್ತದ ಕೊಲೆಸ್ಟರಾಲ್ ಏರಿಸುವ ಬಗೆಯದು. ದಿನದ ಕ್ಯಾಲೊರಿಯಲ್ಲಿ ಈ ಬಗೆಯ ಕೊಬ್ಬಿನ ಪಾಲು ಶೇ 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1,500 ಕ್ಯಾಲೊರಿ ಉಣ್ಣುವವರಿಗೆ ಅದು ಹದಿನಾರು, ಹದಿನೇಳು ಗ್ರಾಂ ಮಾತ್ರ. ಬೆಳಿಗ್ಗೆ ಚಟ್ನಿಗೆ, ಮಧ್ಯಾಹ್ನ ಪಲ್ಯಕ್ಕೂ ಹುಳಿಗೂ, ರಾತ್ರಿ ಗೊಜ್ಜಿಗೆ ಕಾಯಿ ಬಿದ್ದರೆ ಈ ಮಿತಿ ಯಾವಾಗ ದಾಟಿತೆಂದು ತಿಳಿಯುವುದೇ ಇಲ್ಲ. ದಿನಕ್ಕೆ ಒಂದೇ ಪದಾರ್ಥಕ್ಕೆ ಕಾಯಿ ಅರೆಯಿರಿ, ಉಳಿದವುಗಳ ಮೇಲೆ ಒಂದು ಚಿಟಿಕೆ ಉದುರಿಸಿ. ಅಡಿಕೆ ಕೊಯ್ಲಿನಲ್ಲಿ ದಿನವಿಡೀ ದುಡಿಯುವ ಮೈಗೆ ಹೊಂದುತ್ತಿದ್ದ ಅಡುಗೆಯನ್ನು, ಶಿವಮೊಗ್ಗದ ಕಚೇರಿಯಲ್ಲಿ ಕುರ್ಚಿಯ ಮೇಲೆ ಎಂಟು ತಾಸು ಕೂರುವ ಮೈ ಹಾಗೆಯೇ ಅರಗಿಸಿಕೊಳ್ಳಲಾರದು.

ಒಗ್ಗರಣೆಗೂ ಹುರಿಯಲೂ ಶೇಂಗಾ ಎಣ್ಣೆ, ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಗಳನ್ನು ತಿಂಗಳಿಗೊಂದರಂತೆ ಬದಲಾಯಿಸುತ್ತಿರಬಹುದು.

ಬೀಜ ಮತ್ತು ಮೀನು

ಸಂಜೆಯ ಕುರುಕಲಿನ ಜಾಗಕ್ಕೆ ಹುರಿದ ಶೇಂಗಾ ಒಂದು ಹಿಡಿ, ಅಂದರೆ 30 ಗ್ರಾಂ ಸಾಕು. ಅದರಲ್ಲಿ ಸುಮಾರು 170 ಕ್ಯಾಲೊರಿ ಇರುತ್ತದೆ. ಚಿಕ್ಕ ಬಟ್ಟಲಿಗೆ ಹಾಕಿಕೊಂಡು ಡಬ್ಬಿಯ ಮುಚ್ಚಳ ಮುಚ್ಚಿ ಕೂರಬೇಕು, ಡಬ್ಬಿಯನ್ನೇ ಮಡಿಲಲ್ಲಿಟ್ಟುಕೊಂಡರೆ ಲೆಕ್ಕ ನಿಲ್ಲುವುದಿಲ್ಲ. ಬೀಜವನ್ನು ಬೋಂಡದ ಬದಲಿಗೆ ತಿನ್ನಬೇಕೇ ಹೊರತು ಬೋಂಡದ ಜೊತೆಗೆ ತಿನ್ನಬಾರದು.

ಸಸ್ಯಾಹಾರಿಗಳಿಗೆ ಒಮೆಗಾ-3 ಕೊಬ್ಬು ಸಿಗುವ ಅಗ್ಗದ ದಾರಿಯೆಂದರೆ ಅಗಸೆ ಬೀಜ. ಇಡೀ ಬೀಜ ಅರಗದೆ ಹೊರಹೋಗುವುದರಿಂದ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಆರಿಸಿ, ಒಣಮೆಣಸು, ಬೆಳ್ಳುಳ್ಳಿ, ಉಪ್ಪು ಸೇರಿಸಿ ಪುಡಿ ಮಾಡಿ. ದಿನಕ್ಕೊಂದು ದೊಡ್ಡ ಚಮಚ ಸಾಕು. ಪುಡಿ ಬೇಗ ಕಮಟುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಮಾಡಿಕೊಂಡು, ಗಾಳಿಯಾಡದ ಡಬ್ಬಿಯಲ್ಲಿಡಿ. ಮೀನು ತಿನ್ನುವವರಿಗೆ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆಗಳಿಗಿಂತ ಒಳ್ಳೆಯದು ಬೇರೆ ಬೇಕಿಲ್ಲ. ವಾರಕ್ಕೆ ಒಂದೆರಡು ಸಲ, ಕಾವಲಿಗೆ ಹಾಕದೆ ಹುಳಿಸಾರು ಮಾಡಿ. ಕಾಫಿ ತೋಟದ ಬೆಣ್ಣೆಹಣ್ಣು ಕೂಡ ಉತ್ತಮವೇ, ಆದರೆ ಅಂಗಡಿಯಲ್ಲಿ ಹಾಲು, ಸಕ್ಕರೆ ಸುರಿದು ಕೊಡುವ ಜ್ಯೂಸಿನ ರೂಪದಲ್ಲಿ ಬೇಡ. ಅರ್ಧ ಹಣ್ಣಿಗೆ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ, ನಿಂಬೆ ಹಿಂಡಿ ತಿನ್ನಿ.

ಬಿಡಬೇಕಾದದ್ದು ಯಾವುದು

ಪೂರ್ತಿಯಾಗಿ ಬಿಡಬೇಕಾದ ಜಿಡ್ಡು ಟ್ರಾನ್ಸ್ ಕೊಬ್ಬು, ಅಂದರೆ ಎಣ್ಣೆಗೆ ಹೈಡ್ರೋಜನ್ ಸೇರಿಸಿ ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು. ವನಸ್ಪತಿ, ಎಣ್ಣೆಗಳಲ್ಲಿ ಅದು ಶೇ 2ನ್ನು ಮೀರಬಾರದೆಂಬ ಮಿತಿ 2022ರ ಜನವರಿಯಿಂದ ನಮ್ಮ ದೇಶದಲ್ಲಿದೆ. ಆದರೂ ಪೊಟ್ಟಣದ ಮೇಲಿನ ಬರಹದಲ್ಲಿ ವನಸ್ಪತಿ, ಹೈಡ್ರೋಜನೀಕರಿಸಿದ ಎಣ್ಣೆ ಎಂದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಕರಿದು ಕಪ್ಪಾದ ಎಣ್ಣೆಗೆ ಹೊಸ ಎಣ್ಣೆ ಸೇರಿಸಿ ಮತ್ತೆ ಕಾಯಿಸುವ ಅಭ್ಯಾಸವನ್ನೂ ಬಿಡಿ.

ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಊಟದ ಕ್ರಮ ಬದಲಿಸುವ ಮೊದಲು ವೈದ್ಯರನ್ನು ಕೇಳಬೇಕು. ಉಳಿದವರು ವಾರಕ್ಕೆ ಅರ್ಧ ಕಿಲೋಗಿಂತ ವೇಗವಾಗಿ ಇಳಿಯುವ ಆಸೆ ಇಟ್ಟುಕೊಳ್ಳುವುದು ಬೇಡ.

ನಾಲ್ಕು ವಾರ ಕಳೆದ ಮೇಲೆ ಅದೇ ಬಾಟಲಿಗೆ ಹೊಸ ಪಟ್ಟಿ ಅಂಟಿಸಿ, ಮತ್ತೆ ಏಳು ದಿನ ಅಳೆಯಿರಿ. ಎಣ್ಣೆ ಇಳಿದಿದ್ದರೂ ತೂಕ ಇಳಿದಿಲ್ಲವಾದರೆ ಉಳಿದ ಐದು ಚಮಚಕ್ಕೆ ಕೈ ಹಾಕಬೇಡಿ. ಎರಡನೆಯ ಸಲ ಬಡಿಸಿಕೊಳ್ಳುವ ಅನ್ನವನ್ನು ಒಂದು ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಪಲ್ಯ ಬಡಿಸಿಕೊಳ್ಳಿ.