ಹಿತ್ತಾಳೆ–ಗಾಜಿನ ಪುಟ್ಟ ಶೋಕೇಸ್: ಬೆಲೆ ಕಟ್ಟುವ ಮುನ್ನ

ತುಮಕೂರಿನ ಗುಜರಿ ಅಂಗಡಿಯಲ್ಲಿ ಹಿತ್ತಾಳೆ ಚೌಕಟ್ಟಿನ ಗಾಜಿನ ಪೆಟ್ಟಿಗೆ ಕಂಡರೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿತೋ, ಒಳಗಿರುವುದು ಕಬ್ಬಿಣ. ಮೇಲಿನದು ಬರೀ ಲೇಪ. ಅಂಟದಿದ್ದರೂ ನಂಬಬೇಡಿ, ಸತು, ಅಲ್ಯೂಮಿನಿಯಂಗೂ ಅದು ಅಂಟದು. ತಳದಲ್ಲಿ ಕಾಣದ ಕಡೆ ಸೂಜಿಯಿಂದ ಲೇಪ ದಾಟುವಷ್ಟು ಸಣ್ಣಗೆ ಗೀರಿ (ಅಂಗಡಿಯವರನ್ನು ಕೇಳಿ!). ಹಳದಿಯೇ ಉಳಿದರೆ ಹಿತ್ತಾಳೆ. ಬೂದು ಬಣ್ಣ ಇಣುಕಿದರೆ ಹಿತ್ತಾಳೆಯ ಬರೀ ಲೇಪ.

ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೂರು ಕಡೆ ಅಲೆಯಲೆ, ಒಂದು ಕಡೆ ಮಾತ್ರ ನುಣುಪು ಎಂದರೆ ಆ ಗಾಜು ಬದಲಾಗಿದೆ. ಬಾಗಿಲು ವಾರೆಯಾಗಿ ಕೂತರೆ ಕೀಲಿನ ಪಿನ್ನು ಸವೆದಿರಬಹುದು, ಅದು ಸಣ್ಣ ಖರ್ಚು. ಚೌಕಟ್ಟೇ ತಿರುಚಿದ್ದರೆ ಬಿಟ್ಟುಬಿಡಿ.

ಕನಿಷ್ಠ ಬೆಲೆಗೆ ಲೋಹದ ತೂಕವೇ ಆಧಾರ. 3 ಮಿ.ಮೀ. ಗಾಜು ಚದರಡಿಗೆ ಸುಮಾರು 700 ಗ್ರಾಂ. ಒಟ್ಟು ತೂಕದಿಂದ ಕಳೆಯಿರಿ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಹಳೇ ಬಣ್ಣದ ಜೊತೆ ಬೆಲೆಯೂ ತೊಳೆದುಹೋಗುತ್ತದೆ.